ಬಿಟ್ಟ ವಿಷಯ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಕೆಳಗೆ ಫೋನು ಗುಂಯ್ ಎಂದಿತು. ಅತ್ತೆಯ ಮಗಳು ಯಾರೆಲಿ.

"ನೋಯೆಮಿ, ಎದ್ದಿದೀಯೇನೇ? ಸ್ಟ್ಯಾಟಿಸ್ಟಿಕ್ಸ್ ಬಿಟ್ಟುಬಿಟ್ಟೆ ಕಣೇ. ಫೇಲಾಗೋದಕ್ಕಿಂತ ಇದೇ ವಾಸಿ ಅನ್ನಿಸ್ತು. ಯೂನಿವರ್ಸಿಟಿಯವರಿಗೆ ತಿಳಿಸಬೇಕಾ?"

ಸರಿಯಾದವಳನ್ನೇ ಕೇಳಿದ್ದಳು. ನಮ್ಮ ಕಮ್ಯುನಿಟಿ ಕಾಲೇಜಿನ ಸಲಹಾ ಕೇಂದ್ರದಲ್ಲಿ ಬಂದವರು ಮೊದಲು ವಿಚಾರಿಸುವ ಮೇಜು ನನ್ನದು. ಎರಡು ವರ್ಷ ಇಲ್ಲಿ ಓದಿ, ಉಳಿದೆರಡು ವರ್ಷಕ್ಕೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೊರಟವರಿಗೆ ದಿನವೂ ಹೇಳುತ್ತೇನೆ: ಸೀಟು ಸಿಕ್ಕ ಮೇಲೂ ಒಂದು ವಿಷಯ ಬಿಟ್ಟರೆ ಕೂಡಲೇ ತಿಳಿಸಿ. ತಿಳಿಸಿದರೆ ಬೇಸಿಗೆಯಲ್ಲಿ ಮಾಡಿಕೊಳ್ಳಲು ಅವಕಾಶ ಕೊಟ್ಟಾರು. ಮುಚ್ಚಿಟ್ಟರೆ ಸೀಟೇ ಹೋಗುತ್ತದೆ.

ಹಿಂದಿನ ಭಾನುವಾರ ಅವಳಿಗೆ ಸೀಟು ಸಿಕ್ಕಿದ್ದಕ್ಕೆ ಅತ್ತೆ ದೊಡ್ಡ ಪಾತ್ರೆ ತುಂಬ ಜೋಳ, ಮಾಂಸದ ಪೊಸೋಲೆ ಸಾರು ಮಾಡಿದ್ದರು. ಅದೇ ಯೂನಿವರ್ಸಿಟಿಗೆ ನಾನು ಹಾಕಿದ್ದ ಅರ್ಜಿ ಎರಡನೇ ಸಲ ತಿರಸ್ಕೃತವಾಗಿತ್ತು. "ನೋಯೆಮಿಗೆ ಕಾಲೇಜಿನ ಕುರ್ಚಿಯಲ್ಲೇ ಬೇರು ಬಂದಿದೆ, ಯಾರಾದ್ರೂ ನೀರು ಹಾಕ್ರಪ್ಪ" ಎಂದಿದ್ದಳು ಯಾರೆಲಿ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

"ಏನೂ ಬೇಡ. ಅವರು ಅದನ್ನೆಲ್ಲ ನೋಡಲ್ಲ. ಮಲಕ್ಕೋ" ಎಂದೆ.

"ನೀನಿದೀಯ, ಬದುಕಿದೆ ಕಣೇ."

ಆಮೇಲೆ ಬೆಳಗಿನವರೆಗೂ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನು ಮಾಡಿ ತಿದ್ದಬಹುದಿತ್ತು. ಮೇ ಕಳೆಯಿತು, ಜೂನ್ ಕಳೆಯಿತು. ಅವಳು ಕಡಲ ಪಕ್ಕದ ಯೂನಿವರ್ಸಿಟಿ ಹಾಸ್ಟೆಲ್ಲಿಗೆಂದು ಹೊಸ ಹೊದಿಕೆ ಕೊಂಡಳು. ಬಣ್ಣ ಆರಿಸಲು ನಾನೂ ಜೊತೆಗೆ ಹೋಗಿದ್ದೆ.

ಜುಲೈ ಕೊನೆಯಲ್ಲಿ ಪತ್ರ ಬಂತು. ಪ್ರವೇಶ ರದ್ದಾಗಿತ್ತು.

ಅತ್ತೆ ಪೀಚ್ ಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಕೆಲಸದ ಬಟ್ಟೆಯಲ್ಲೇ ಕೂತಿದ್ದರು. "ಮನೆಯಲ್ಲೇ ತಿಳಿದವಳಿದ್ದಾಳೆ. ಒಂದು ಮಾತು ಕೇಳೋಕೆ ನಿನಗೇನು ಬಂದಿತ್ತೇ?"

"ಕೇಳಿದ್ದೆ ಅಮ್ಮಾ. ಬೇಡ ಅಂದ್ಲು."

ಎಲ್ಲರೂ ನನ್ನತ್ತ ತಿರುಗಿದರು. ಕಾಲೇಜಿನ ಮೇಜಿನ ಮುಂದೆ ಮಾತಾಡುವ ಹಾಗೆ ಮೆತ್ತಗೆ ಮಾತಾಡಿದೆ. "ಅಂಕಪಟ್ಟಿಯಲ್ಲಿ ಏನು ಬರುತ್ತೆ ಅಂತ ತಾನೇ ನೀನು ಕೇಳಿದ್ದು, ಯಾರೆಲಿ. ತಿಳಿಸಬೇಕಾ ಅಂತ ಕೇಳಿದ್ರೆ ನಾನು ಬೇಡ ಅಂತೀನಾ? ದಿನಾ ಹೇಳೋದೇ ಅದು."

"ನಿದ್ದೆಗಣ್ಣಲ್ಲಿ ಏನು ಕೇಳಿದ್ಯೋ ಏನೋ" ಎಂದರು ಅತ್ತೆ.

ಯಾರೆಲಿ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ಅನುಮಾನವಿತ್ತು. ಆದರೆ ಅದು ನನ್ನ ಮೇಲಿರಲಿಲ್ಲ.

"ಇರಬಹುದು" ಎಂದಳು. ಪತ್ರ ಮಡಚುತ್ತ, "ಮತ್ತೆ ಅರ್ಜಿ ಹಾಕಬೇಕಲ್ಲ. ನೀನೇ ಕೂತು ತುಂಬಿಸಿಕೊಡ್ತೀಯಾ?"

"ಸೋಮವಾರ ಬಾ" ಎಂದೆ.

ಭಾನುವಾರ ಪಾಪನಿವೇದನೆಯ ಸಾಲಿನಲ್ಲಿ ನನ್ನ ಮುಂದೆ ಮೂವರಿದ್ದರು. ಪಾದ್ರಿಗೆ ಅಮ್ಮನ ಮೇಲೆ ರೇಗಿದ್ದನ್ನು ಹೇಳಿದರಾಯಿತು ಎಂದುಕೊಂಡೆ. ಇದನ್ನು ಅವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.