ವಾಪಸ್ ಬರುವ ಸೀಲು

ಥಾಯ್ಲೆಂಡಿನ ಉಡೋನ್ ಥಾನಿಯ ಇಮಿಗ್ರೇಷನ್ ಕಚೇರಿಯ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಪರಂಗಿ ಮುದುಕರ ಅರ್ಜಿ ತುಂಬಿಕೊಡುವುದೇ ನನ್ನ ಕಸುಬು. ತಾವು ಇನ್ನೂ ಅದೇ ವಿಳಾಸದಲ್ಲಿ ಇದ್ದೇವೆ ಎಂದು ತೊಂಬತ್ತು ದಿನಕ್ಕೊಮ್ಮೆ ಅವರು ಸರ್ಕಾರಕ್ಕೆ ತಿಳಿಸಬೇಕು, ವರ್ಷಕ್ಕೊಮ್ಮೆ ವೀಸಾ ಮುಂದುವರಿಸಿಕೊಳ್ಳಬೇಕು. ನೂರು ಜನರ ಮೇಲೆ ಅಧಿಕಾರ ನಡೆಸಿದ್ದೆ, ಹಡಗು ನಡೆಸಿದ್ದೆ ಎಂದು ಕೊಚ್ಚಿಕೊಳ್ಳುವವರಿಗೆ ತಮ್ಮ ಮನೆ ನಂಬರನ್ನು ಯಾವ ಚೌಕದಲ್ಲಿ ಬರೆಯಬೇಕೆಂಬುದು ಇಂದಿಗೂ ತಿಳಿದಿಲ್ಲ. ನಮ್ಮ ಗದ್ದೆ ಕೆಲಸದವನು ಕೂಡ ಸರ್ಕಾರಿ ಕಚೇರಿಗೆ ಬರುವಾಗ ಇಸ್ತ್ರಿ ಮಾಡಿದ ಅಂಗಿ ತೊಡುತ್ತಾನೆ. ಇವರು ತೋಳಿಲ್ಲದ ಬನಿಯನ್ನು, ಚಡ್ಡಿ ಹಾಕಿಕೊಂಡು ಬಂದು, ಸಾಹೇಬರು ಯಾಕೆ ನಗುನಗುತ್ತಾ ಮಾತಾಡಿಸಲಿಲ್ಲ ಎಂದು ನನ್ನ ಹತ್ತಿರ ದೂರುತ್ತಾರೆ.

ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅವರು ಆಡುವುದು ಎರಡೇ ಮಾತು. ಈ ದೇಶ ಕೆಟ್ಟುಹೋಯಿತು, ಊರಿಗೆ ಹೋಗಿಬಿಡುತ್ತೇನೆ ಎನ್ನುವುದು ಒಂದು. ಊರು ಕೆಟ್ಟುಹೋಯಿತು, ಇಲ್ಲೇ ಸಾಯುತ್ತೇನೆ ಎನ್ನುವುದು ಇನ್ನೊಂದು. ಟೋಕನ್ ತೆಗೆದುಕೊಳ್ಳುವಾಗ ಮೊದಲನೆಯದನ್ನು ಹೇಳಿದವನು ನಂಬರು ಕೂಗುವಷ್ಟರಲ್ಲಿ ಎರಡನೆಯದಕ್ಕೆ ಬಂದಿದ್ದನ್ನೂ ಕೇಳಿದ್ದೇನೆ. ಸಾಯುವುದಕ್ಕೆ ಒಂದು ಜಾಗ ಆರಿಸಿಕೊಳ್ಳಲಾರದ ಜನ ಇವರು.

ಲಯೊನೆಲ್ ಎರಡನೆಯ ಮಾತಿನವರ ಪೈಕಿ. ಇಂಗ್ಲೆಂಡಿನ ಹಲ್ ಎಂಬ ಬಂದರಿನವನು, ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು, ವಯಸ್ಸು ಎಪ್ಪತ್ತಮೂರು. ಹಲ್ ಎಂದರೆ ಸಾಕು, ಮೂಗು ಮುರಿಯುತ್ತಿದ್ದ. ಅಲ್ಲಿ ಬಿಸಿಲಿಲ್ಲ, ಬೆಲೆ ಬೆಂಕಿ, ಪಕ್ಕದ ಮನೆಯವನು ಸತ್ತರೆ ವಾಸನೆ ಬಂದಮೇಲೇ ಗೊತ್ತಾಗುವುದು ಎನ್ನುತ್ತಿದ್ದ. ಹಾಗೆಂದು ಇಲ್ಲಿಯದು ಹಿಡಿಸಿತ್ತು ಎಂದೇನೂ ಅಲ್ಲ. ಹನ್ನೆರಡು ವರ್ಷದಲ್ಲಿ ಅವನು ಕಲಿತ ನಮ್ಮ ಭಾಷೆ ಒಂದು ತಟ್ಟೆ ಅನ್ನ ಕೇಳುವುದಕ್ಕೂ ಸಾಲದು. ನಾನು ಹಿಂದೆ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೂತು ಕಲಿತ ಇಂಗ್ಲಿಷಿನಲ್ಲೇ ಅವನೊಡನೆ ವ್ಯವಹರಿಸುತ್ತಿದ್ದೆ.

ಅವನ ಜೊತೆಗಿದ್ದವಳು ಬುಪ್ಪಾ. ನನಗಿಂತ ಆರು ವರ್ಷ ಚಿಕ್ಕವಳು, ನೋಂಗ್ ಹಾನ್ ಕಡೆಯ ಹಳ್ಳಿಯವಳು. ಹಂದಿಮಾಂಸ, ಅನ್ನ, ಬೆಳ್ಳುಳ್ಳಿ ತುಂಬಿ ಹುಳಿ ಬರಿಸಿದ ಸಾಸೇಜು ಮಾಡಿ ಸಂತೆಯಲ್ಲಿ ಮಾರುತ್ತಾಳೆ. ಅವಳ ಅಪ್ಪನ ಜಮೀನಿನಲ್ಲಿ ಕಟ್ಟಿದ ಮನೆಯನ್ನು ಲಯೊನೆಲ್ ಊರೆಲ್ಲ ‘ನನ್ನ ಮನೆ’ ಎಂದು ಹೇಳಿಕೊಂಡು ತಿರುಗುತ್ತಿದ್ದ. ಪರಂಗಿಯವನ ಹೆಸರಿಗೆ ಇಲ್ಲಿ ಒಂದು ಹಿಡಿ ಮಣ್ಣೂ ಬರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಹಿರಿಯರು ಇಬ್ಬರ ಮಣಿಕಟ್ಟಿಗೂ ಬಿಳಿ ದಾರ ಕಟ್ಟಿ ಮದುವೆ ಮಾಡಿದ್ದರು. ತಾಲ್ಲೂಕು ಕಚೇರಿಯಲ್ಲಿ ನೋಂದಣಿ ಮಾಡಿಸಿ ಎಂದು ನಾನು ಹೇಳಿದ್ದಕ್ಕೆ, ಪ್ರೀತಿ ಇರುವಾಗ ಕಾಗದ ಯಾಕೆ ಎಂದಿದ್ದ. ಗಂಡಸರ ಬಾಯಲ್ಲಿ ಈ ಮಾತು ಬಂದಾಗ ಅದರ ಅರ್ಥ ಏನೆಂದು ನನ್ನಂಥ ಐವತ್ತೆಂಟು ವರ್ಷದ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬುಪ್ಪಾಳಿಗೆ ಮಾತ್ರ ಅವನ ಮೇಲೆ ಎಲ್ಲಿಲ್ಲದ ಹೆಮ್ಮೆ. "ನಮ್ ಮುದುಕ ಬೇರೆಯವ್ರ ಥರ ಅಲ್ಲ ಅಕ್ಕ," ಎನ್ನುತ್ತಿದ್ದಳು. "ಕುಡಿಯೋಕೆ ಹೋಗಲ್ಲ, ಇನ್ನೊಂದು ಹೆಣ್ಣಿನ ಕಡೆ ನೋಡಲ್ಲ. ನನ್ ಬಿಟ್ರೆ ಒಂದು ಮೊಟ್ಟೆ ಬೇಯಿಸ್ಕೊಳ್ಳೋಕೂ ಬರಲ್ಲ."

ಮೊಟ್ಟೆ ಬೇಯಿಸಲು ಬಾರದ್ದನ್ನೂ ಗುಣಗಳ ಲೆಕ್ಕಕ್ಕೆ ಸೇರಿಸಿದ್ದಳು. ಅವನ ಸೊಂಟದ ಮೂಳೆ ಮುರಿದಾಗ ನಾಲ್ಕು ತಿಂಗಳು ಸ್ನಾನ ಮಾಡಿಸಿದವಳು ಅವಳು. ಆಗಲೂ ಅವನು ನನ್ನ ಬೆಂಚಿನ ಮೇಲೆ ಕೂತು, ಇವಳ ಕೈಯ ಬೆಳ್ಳುಳ್ಳಿ ವಾಸನೆ ತಡೆಯಲಾಗುವುದಿಲ್ಲ ಎಂದಿದ್ದ.

ಹೋದ ವರ್ಷ ನವೆಂಬರಿನಲ್ಲಿ ಇಬ್ಬರೂ ತೊಂಬತ್ತು ದಿನದ ಅರ್ಜಿಗೆ ಬಂದರು. ಬುಪ್ಪಾಳೇ ಗಾಡಿ ಓಡಿಸಿಕೊಂಡು ಬಂದಿದ್ದಳು.

"ಅಕ್ಕ, ಇವ್ರು ಎರಡು ತಿಂಗಳು ಇಂಗ್ಲೆಂಡಿಗೆ ಹೋಗ್ತಾರೆ, ತಂಗಿ ನೋಡ್ಕೊಂಡು ಬರೋಕೆ," ಎಂದಳು. "ವಾಪಸ್ ಬರೋ ಸೀಲಿಂದೂ ಒಂದು ಅರ್ಜಿ ಬರೆದುಬಿಡು."

ಈ ಸೀಲಿನ ವಿಷಯ ಉಡೋನಿನಲ್ಲಿ ಪರಂಗಿಯವರನ್ನು ಕಟ್ಟಿಕೊಂಡ ಪ್ರತಿ ಹೆಂಗಸಿಗೂ ಗೊತ್ತು. ದೇಶ ಬಿಡುವ ಮೊದಲು ಪಾಸ್‌ಪೋರ್ಟಿಗೆ ಅದನ್ನು ಹಾಕಿಸಿಕೊಳ್ಳದಿದ್ದರೆ ವಿಮಾನ ಹತ್ತುತ್ತಲೇ ವೀಸಾ ಸತ್ತುಹೋಗುತ್ತದೆ. ಹೊಸಬರು ಮರೆಯುವುದುಂಟು. ಹನ್ನೆರಡು ವರ್ಷ ಹಳಬನಾದವನು ಮರೆಯುವುದಿಲ್ಲ.

ಬುಪ್ಪಾ ಸುಟ್ಟ ಕೋಳಿ ತರಲು ರಸ್ತೆ ದಾಟಿದಳು. ನಾನು ಅರ್ಜಿಯ ಹಾಳೆ ತೆಗೆದೆ. ಲಯೊನೆಲ್ ಅದರ ಮೇಲೆ ಅಂಗೈ ಇಟ್ಟ.

"ಅದು ಬೇಡ ಪ್ರನೋಮ್. ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲೇ ಹಾಕಿಸ್ಕೋತೀನಿ."

"ಅಲ್ಲಿ ಸಾಲು ಉದ್ದ ಇರತ್ತೆ. ಇಲ್ಲೇ ಅರ್ಧ ಗಂಟೆ ಕೆಲಸ, ಮುಗಿಸ್ಕೊಂಡು ಹೋಗಿ."

"ಅಲ್ಲೇ ಮಾಡಿಸ್ತೀನಿ ಅಂದ್ನಲ್ಲ. ಇವು ಮೂರು ಮೂರು ಜೆರಾಕ್ಸ್ ಬೇಕು. ಬೇಗ."

ಅಂಗಿಯ ಒಳಗಿನಿಂದ ಒಂದು ಲಕೋಟೆ ತೆಗೆದ. ಒಳಗಿದ್ದದ್ದು ಹಲ್ ಊರಿನಲ್ಲಿ ವಯಸ್ಸಾದವರಿಗೆ ಕೊಡುವ ಸರ್ಕಾರಿ ಕೋಣೆಯ ಮಂಜೂರಾತಿ ಪತ್ರ. ಅದರ ಹಿಂದೆ, ಇನ್ನು ಮುಂದೆ ಕಾಯಂ ಆಗಿ ಇಂಗ್ಲೆಂಡಿನಲ್ಲೇ ವಾಸಿಸುತ್ತೇನೆ ಎಂಬ ಹೇಳಿಕೆ, ಕೆಳಗೆ ಅವನ ರುಜು. ನಾನು ಯಂತ್ರದ ಮುಚ್ಚಳ ಎತ್ತಿ ಹಾಗೇ ನಿಂತೆ.

"ಓದಿದ್ಯಾ?" ಎಂದ.

"ಓದೋದೇ ನನ್ ಕೆಲಸ ಸಾರ್."

ಅವನ ಮುಖ ಕೆಂಪಾಯಿತು. ಎದೆ ನೋವು ಎಂದ. ಇಲ್ಲಿ ವಿಮೆಯವರು ತನ್ನ ವಯಸ್ಸು ನೋಡಿ ಬಾಗಿಲು ಹಾಕಿದರು, ಊರಿಗೆ ಕಾಯಂ ಮರಳಿದರೆ ಆಸ್ಪತ್ರೆ ಪುಕ್ಕಟೆ ಎಂದ. ಅಷ್ಟು ನಿಜವೇ. ಪ್ರಾಣಭಯಕ್ಕೆ ಓಡಿಹೋಗುವವನನ್ನು ನಾನು ಹಳಿಯುವುದಿಲ್ಲ.

"ಬುಪ್ಪಾಗೆ ಹೇಳಿ ಹೋಗಬಹುದಲ್ಲ?"

"ಅವಳು ಅಳ್ತಾಳೆ. ಅದು ನನಗೆ ನೋಡೋಕಾಗಲ್ಲ."

ಅವಳು ಅಳುವುದು ಬೇಡ ಎಂದಲ್ಲ, ಆರು ಸಾವಿರ ಮೈಲಿ ಆಚೆಗೆ ಇವನ ಕಣ್ಣಿಗೆ ಬೀಳದಂತೆ ಅತ್ತುಕೊಳ್ಳಲಿ. ಥೂ, ಇದೆಂಥ ಜನ್ಮ ಎನಿಸಿತು. ಆದರೂ ಜೆರಾಕ್ಸ್ ಮಾಡಿ, ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆದು ಕೊಟ್ಟೆ. ಬುಪ್ಪಾ ಕೋಳಿ, ಅಂಟು ಅನ್ನ, ಪಪ್ಪಾಯಿ ಕಾಯಿಯ ಕೋಸಂಬರಿ ಹಿಡಿದು ಬಂದಳು. ಕೋಳಿಯ ಮೂಳೆ ಬಿಡಿಸಿ ಅವನ ಮುಂದಿಟ್ಟಳು.

"ಸೀಲು ಆಯ್ತಾ ಅಕ್ಕ?"

"ವಿಮಾನ ನಿಲ್ದಾಣದಲ್ಲಿ ಮಾಡಿಸ್ಕೋತಾರಂತೆ," ಎಂದೆ.

ಗಿರಾಕಿಯ ಗುಟ್ಟು ಹೊರಗೆ ಬಿಡಬಾರದು, ಅದು ನನ್ನ ಅಂಗಡಿಯ ನಿಯಮ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ವಾರಕ್ಕೆ ಅವನು ಹೋದ.

ಎರಡು ತಿಂಗಳು ಕಳೆಯಿತು. ಆಮೇಲೆ ಇನ್ನೆರಡು. ಸಂತೆಯಲ್ಲಿ ಬುಪ್ಪಾ ಸಾಸೇಜು ಸುಡುತ್ತಾ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು: "ನಾದಿನಿಗೆ ಹುಷಾರಿಲ್ಲ. ಇವ್ರೇ ನೋಡ್ಕೋಬೇಕು, ಪಾಪ. ದಿನಾ ಫೋನ್ ಮಾಡ್ತಾರೆ." ಮೊಟ್ಟೆ ಬೇಯಿಸಲು ಬಾರದವನು ರೋಗಿಯ ಆರೈಕೆ ಮಾಡುತ್ತಿದ್ದಾನಂತೆ. ಪಕ್ಕದ ಅಂಗಡಿಯವರು ತಲೆ ತಗ್ಗಿಸಿ ನಗುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ನಾಲ್ಕು ಕಡ್ಡಿ ಸಾಸೇಜು ಕೊಂಡು, ನಾದಿನಿ ಬೇಗ ಗುಣವಾಗಲಿ ಎಂದು ಹೇಳಿ ಬರುತ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಲಯೊನೆಲ್‌ನ ಫೋನು ಬಂತು. ಎದೆಯ ರಕ್ತನಾಳಕ್ಕೆ ನಳಿಕೆ ಹಾಕಿದ್ದಾರೆ, ಈಗ ಆರಾಮ ಎಂದ. ಆಮೇಲೆ ಶುರುವಾಯಿತು. ಕೋಣೆ ನಾಲ್ಕನೇ ಮಹಡಿಯಲ್ಲಿದೆಯಂತೆ, ಲಿಫ್ಟು ಕೆಟ್ಟಿದೆಯಂತೆ. ನಲವತ್ತು ವರ್ಷ ಊರಿನ ಲಿಫ್ಟು ರಿಪೇರಿ ಮಾಡಿದವನು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದಾನೆ. ತಂಗಿ ಒಂದು ಭಾನುವಾರ ಚಹಾಕ್ಕೆ ಕರೆದಳಂತೆ, ಮತ್ತೆ ಕರೆಯಲಿಲ್ಲವಂತೆ. ವಾರಗಟ್ಟಲೆ ಯಾರೂ ಮಾತಾಡಿಸುವುದಿಲ್ಲವಂತೆ. ಹನ್ನೆರಡು ವರ್ಷ ಅವನೇ ಹೇಳಿಕೊಂಡು ಬಂದದ್ದನ್ನು ಈಗ ಹೊಸ ಸುದ್ದಿಯ ಹಾಗೆ ನನಗೆ ಹೇಳಿದ.

"ನಾನು ವಾಪಸ್ ಬರ್ತೀನಿ ಪ್ರನೋಮ್. ಹೊಸ ವೀಸಾಕ್ಕೆ ಮನೆ ಯಜಮಾನರ ಪತ್ರ ಬೇಕು. ಇವರು ನನ್ನ ಮನೇಲಿ ಇರ್ತಾರೆ ಅಂತ ಬುಪ್ಪಾ ಒಂದು ರುಜು ಹಾಕಿದ್ರೆ ಸಾಕು."

"ನೀವೇ ಕೇಳಿ."

"ಮೊದಲು ನೀನು ಮಾತಾಡು. ವಿಮಾನ ನಿಲ್ದಾಣದಲ್ಲಿ ಸೀಲು ಹಾಕಿಸೋದು ಮರೆತೆ, ಅದಕ್ಕೇ ಅಲ್ಲೇ ಸಿಕ್ಕಿಹಾಕ್ಕೊಂಡೆ ಅಂತ ಹೇಳು. ನೀನು ಹೇಳಿದ್ರೆ ನಂಬ್ತಾಳೆ. ಎಷ್ಟೋ ಜನ ಮರೀತಾರೆ ಅಲ್ವಾ?"

ಪ್ರೀತಿ ಇರುವಾಗ ಕಾಗದ ಯಾಕೆ ಎಂದವನಿಗೆ ಈಗ ಕಾಗದವೇ ಬೇಕಾಗಿತ್ತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಬುಪ್ಪಾಳನ್ನು ಕೇಳಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಬೈಯೋಣ ಎಂದು ಇಟ್ಟುಕೊಂಡೆ.

ಮರುದಿನ ಅಂಗಡಿ ಮುಚ್ಚಿ ನೋಂಗ್ ಹಾನಿಗೆ ಬಸ್ಸು ಹಿಡಿದೆ. ಬುಪ್ಪಾ ಜಗಲಿಯಲ್ಲಿ ಕೂತು ಸಾಸೇಜಿಗೆ ದಾರ ಕಟ್ಟುತ್ತಿದ್ದಳು. ಒಂದೊಂದು ಗುಂಡು ಬಿಟ್ಟು ಒಂದೊಂದು ಗಂಟು. ಅವನು ಹೇಳಿಕೊಟ್ಟ ಹಾಗೇ ಹೇಳಿದೆ: ಎದೆಯ ಚಿಕಿತ್ಸೆ, ಮರೆತ ಸೀಲು, ಬೇಕಾದ ಪತ್ರ. ಆ ಸುಳ್ಳಿಗೆ ನಾನು ಒಂದು ಅಕ್ಷರವನ್ನೂ ಸೇರಿಸಲಿಲ್ಲ ಎಂಬುದು ಹೆಚ್ಚುಗಾರಿಕೆಯಲ್ಲ, ಗೊತ್ತು.

ಅವಳು ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಅವರು ಹೋದ ಮಾರನೇ ದಿನ ಬಚ್ಚಲು ತೊಳೀತಿದ್ದೆ ಅಕ್ಕ. ಕಟ್ಟಿಸಿದ ಹಲ್ಲಿನ ಸೆಟ್ಟು, ಹೊಸದು ಹಳೇದು ಎರಡೂ ಇರ್ಲಿಲ್ಲ. ಎರಡು ತಿಂಗಳಿಗೆ ಹೋಗೋನು ಹಳೇ ಹಲ್ಲು ಯಾಕೆ ತಗೊಂಡು ಹೋಗ್ತಾನೆ ಹೇಳು."

"ಹಾಗಾದ್ರೆ ನಿನಗೆ..."

"ಅವತ್ತೇ ಗೊತ್ತಾಯ್ತು. ಹೇಳ್ಕೊಳ್ಳೋಕೆ ಆಗ್ಲಿಲ್ಲ. ನಮ್ ಮುದುಕ ಹಾಗೆ, ಹೀಗೆ ಅಂತ ಊರ ತುಂಬಾ ಹೇಳ್ಕೊಂಡು ತಿರುಗಿದ್ದೆ ನೋಡು. ಆರು ತಿಂಗಳಿಂದ ನಾದಿನಿಗೆ ಇಲ್ಲದ ಕಾಯಿಲೆಗೆ ಮದ್ದು ಅರೀತಾ ಇದೀನಿ."

"ಪತ್ರಕ್ಕೆ ಏನಂತ ಹೇಳ್ಲಿ?"

"ಬರೋದಾದ್ರೆ ಬರ್ಲಿ. ದೇಶ ನಂದಲ್ಲ, ಬೇಡ ಅನ್ನೋಕೆ. ರೈಲ್ವೆ ಸ್ಟೇಷನ್ ಹತ್ರ ತಿಂಗಳ ಬಾಡಿಗೆಗೆ ಕೋಣೆ ಕೊಡ್ತಾರೆ, ಅವರ ಹತ್ರ ರುಜು ಹಾಕಿಸ್ಕೊಳ್ಲಿ. ಈ ಮನೆ ವಿಳಾಸ ಕೊಡಲ್ಲ."

ಅವಳು ಅಳಲಿಲ್ಲ, ದನಿ ಎತ್ತಲಿಲ್ಲ. ನನ್ನ ಕೆಲಸ ಮುಗಿಯಿತು ಎಂದು ಎದ್ದೆ. ಆಗ ಅವಳು ಮೊದಲ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅವತ್ತು ಅವನು ನಿನ್ ಹತ್ರ ಏನೋ ಜೆರಾಕ್ಸ್ ಮಾಡಿಸ್ದ. ಕೋಳಿ ಅಂಗಡಿಯಿಂದ ನೋಡ್ದೆ ನಾನು. ಏನದು?"

ಹೇಳಿದೆ. ಕೋಣೆಯ ಪತ್ರ, ಕಾಯಂ ವಾಸದ ಹೇಳಿಕೆ, ಮೂರು ಮೂರು ಪ್ರತಿ.

"ಹೇಳಿದ್ರೆ ನಾನು ತಡೀತಿರ್ಲಿಲ್ಲ ಅಕ್ಕ. ಎದೆ ನೋವು ಅಂತ ಗೊತ್ತಿದ್ರೆ ಹೋಗಿ ಬದುಕ್ಕೋ ಅಂತಿದ್ದೆ. ಅಜ್ಜಂದಿರನ್ನ ಕರೆಸಿ, ಊರೋರ ಮುಂದೆ ಹರಸಿ ಕಳ್ಸೋ ದಾರ ಕೈಗೆ ಕಟ್ಟಿಸಿ, ನಾನೇ ಬಸ್ ಹತ್ತಿಸ್ತಿದ್ದೆ. ಗಂಡ ಊರಿಗೆ ಹೋದ ಅಂತ ತಲೆ ಎತ್ಕೊಂಡು ಹೇಳ್ತಿದ್ದೆ. ಅವನು ಪುಕ್ಕಲ, ಹೆದರ್ಕೊಂಡು ಮುಚ್ಚಿಟ್ಟ. ನಿನಗೇನು ಭಯ ಇತ್ತು?"

ಗಿರಾಕಿಯ ಗುಟ್ಟು ಎಂದು ಬಾಯಿ ತೆರೆದೆ. ನನಗೆ ಭಯವೇನೂ ಇರಲಿಲ್ಲ. ನನ್ನ ಗಂಡ ಬಿಟ್ಟುಹೋಗಿ ಹದಿನೇಳು ವರ್ಷ. ನಮ್ ಮುದುಕ ಬೇರೆಯವ್ರ ಥರ ಅಲ್ಲ ಎಂದು ಅವಳು ನನ್ನೆದುರು ಕೂತು ಹೇಳಿದಾಗಲೆಲ್ಲ ನನಗೆ ಉರಿಯುತ್ತಿತ್ತು. ಅವಳ ಜಂಭ ಮುರಿದು ಬೀಳುವುದನ್ನು ನೋಡಬೇಕಿತ್ತು ನನಗೆ. ಆರು ತಿಂಗಳು ವಾರಕ್ಕೊಮ್ಮೆ ಸಂತೆಗೆ ಹೋಗಿ ನೋಡಿಕೊಂಡು ಬಂದಿದ್ದೆ.

"ಕೊನೇ ಬಸ್ಸು ನಾಲ್ಕೂವರೆಗೆ," ಎಂದು ಬುಪ್ಪಾ ಮತ್ತೆ ದಾರ ಕೈಗೆತ್ತಿಕೊಂಡಳು. ಬಂದವರಿಗೆ ಊಟ ಮಾಡಿದೆಯಾ ಎಂದು ಕೇಳದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಅವತ್ತು ಅವಳು ಕೇಳಲಿಲ್ಲ.

ಮರುದಿನ ಲಯೊನೆಲ್ ಹೇಳಿದ ಹೊತ್ತಿಗೆ ಸರಿಯಾಗಿ ಫೋನು ಮಾಡಿದ. ಪತ್ರ ಕೊಡುವುದಿಲ್ಲವಂತೆ, ಸ್ಟೇಷನ್ ಹತ್ತಿರ ಕೋಣೆ ನೋಡಿಕೊಳ್ಳಬೇಕಂತೆ ಎಂದೆ.

"ತುಂಬಾ ಸಿಟ್ಟಾಗಿದಾಳಾ?"

"ಇಲ್ಲ. ಸಿಟ್ಟೇನೂ ಇಲ್ಲ."

"ಅಬ್ಬ. ಸಿಟ್ಟಿಲ್ಲ ಅಂದ್ರೆ ಒಳ್ಳೇದೇ ಅಲ್ವಾ? ನಾನು ಎದುರಿಗೆ ಬಂದು ನಿಂತ್ರೆ ಕರಗಿಬಿಡ್ತಾಳೆ. ನೀನು ಆ ಕೋಣೆ ವಿಚಾರಿಸು, ಕೆಳಗಿನ ಮಹಡೀಲಿ ಇರ್ಲಿ."

ಇವನಿಗೆಂದೇ ನವೆಂಬರಿನಿಂದ ಕೂಡಿಟ್ಟುಕೊಂಡಿದ್ದ ಬೈಗುಳಗಳೆಲ್ಲ ನನ್ನ ಬಳಿ ಹಾಗೇ ಇದ್ದವು. ಒಂದನ್ನೂ ಆಡುವ ಬಾಯಿ ನನಗೆ ಉಳಿದಿರಲಿಲ್ಲ. ವಿಚಾರಿಸುತ್ತೇನೆ ಸಾರ್ ಎಂದು ಫೋನು ಇಟ್ಟೆ.