ಮುಂದಿನವನ ಗಾಲಿ

ದೆಹಲಿಯಲ್ಲಿ ಕೊರಳೆಲುಬು ಮುರಿದುಕೊಂಡು ತನ್ನೂರು ತಂಬ್ರಹಳ್ಳಿಗೆ ಬಂದ ಹುಲುಗಣ್ಣನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಬೆನಕಪ್ಪ ಬೇಕಂತಲೇ ನಿಧಾನ ಮಾಡಿದ.

ಇಬ್ಬರೂ ಪಂದ್ಯಗಳಲ್ಲಿ ಸೈಕಲ್ ತುಳಿದೇ ರೈಲ್ವೆಯಲ್ಲಿ ನೌಕರಿ ಹಿಡಿದವರು. ಹುಲುಗಣ್ಣ ಕುರಿ ಸಾಕುವ ಮನೆಯವನು, ಬೆನಕಪ್ಪ ಹರಪನಹಳ್ಳಿ ಕಡೆಯ ತೆಲಿಗಿಯವನು. ಹುಬ್ಬಳ್ಳಿಯಲ್ಲಿ ಒಂದೇ ಖೋಲಿಯಲ್ಲಿದ್ದು, ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡು, ಎಂಬತ್ತಮೂರರ ಚಳಿಗಾಲಕ್ಕೆ ದೇಶದ ತಂಡದವರೆಗೆ ಏರಿದ್ದರು.

ಅವರ ಪಂದ್ಯ ನಾಲ್ವರದು. ಓರೆಯಾಗಿ ಎದ್ದ ಸಿಮೆಂಟಿನ ಟ್ರ್ಯಾಕಿನ ಈ ಬದಿಯಿಂದ ಒಂದು ದೇಶದ ನಾಲ್ವರು, ಆ ಬದಿಯಿಂದ ಇನ್ನೊಂದು ದೇಶದ ನಾಲ್ವರು ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟಬೇಕು. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನ ಮೂವರು ಅವನ ಮರೆಯಲ್ಲಿ ಗಾಲಿಗೆ ಗಾಲಿ ಹಚ್ಚಿದಂತೆ ಓಡುತ್ತಾರೆ. ಆ ಸೈಕಲ್ಲಿಗೆ ಬ್ರೇಕಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿಗೆ ಪಟ್ಟಿ ಬಿಗಿದ ಕಾಲೂ ತಿರುಗುತ್ತದೆ. ಮುಂದಿನವನು ತುಳಿತ ಸಡಿಲಿಸಿದರೆ ಹಿಂದಿನವನು ಹೋಗಿ ಬಡಿಯಬೇಕು, ಬೇರೆ ದಾರಿಯಿಲ್ಲ.

ದೆಹಲಿಯಲ್ಲಿ ಆವತ್ತು ಆದದ್ದೂ ಅದೇ. ಪರದೇಶದವರು ಕಣ್ಣಳತೆಗೆ ಸಿಗುತ್ತಿದ್ದರು, ಜನ ಎದ್ದು ನಿಂತು ಕೂಗುತ್ತಿದ್ದರು. ಮುಂದಿದ್ದ ಬೆನಕಪ್ಪನ ಗಾಲಿ ಒಮ್ಮೆಲೇ ಹುಲುಗಣ್ಣನ ಮೈಮೇಲೆ ಬಂದಂತಾಯಿತು. ಆಮೇಲೆ ಸಿಮೆಂಟು, ಉರಿ, ಯಾರದೋ ಕಿರುಚಾಟ. ಹಿಂದಿನ ಮೂವರೂ ಬಿದ್ದರು. ಬೀಳದೆ ಉಳಿದವನು ಬೆನಕಪ್ಪ ಒಬ್ಬನೇ.

ತಂಡದಲ್ಲಿ ಐದನೆಯವನೊಬ್ಬ ಜಾಗಕ್ಕಾಗಿ ಕಾಯುತ್ತಿದ್ದ. ಅವನು ಬೆನಕಪ್ಪನ ಸೋದರಮಾವನ ಮಗ. ಹುಲುಗಣ್ಣನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಬೆನಕಪ್ಪ ರಜೆ ಹಾಕಿ, ಬಸ್ಸಿನ ಮೇಲೆ ಬಸ್ಸು ಹತ್ತಿ ಮತ್ತೆ ಮತ್ತೆ ನೋಡಲು ಬಂದ. ಒಮ್ಮೆ ಹಲವಾಗಲಿನ ನಾಟಿ ವೈದ್ಯನ ಎಣ್ಣೆ ತಂದ. ಅವನು ಬೆನ್ನು ತಿರುಗಿಸಿದ್ದೇ ತಡ, ಹುಲುಗಣ್ಣ ಅದನ್ನು ಬೇವಿನ ಬುಡಕ್ಕೆ ಸುರಿದ.

"ಯಾಕಲೇ ಚೆಲ್ಲಿದಿ? ಆ ಹುಡುಗ ಎಷ್ಟು ಜೀವ ಬಿಡ್ತಾನ ನಿನಮ್ಯಾಲೆ!" ಎಂದಳು ತಾಯಿ ಗಾದೆಮ್ಮ.

"ತಪ್ಪು ಮಾಡದವ ಇಷ್ಟು ಸಲ ಯಾಕ ಬರ್ತಾನವ್ವಾ?"

ಒಂದು ದಿನ ಬೆನಕಪ್ಪನನ್ನೇ ಕೇಳಿಬಿಟ್ಟ. "ಆವತ್ತು ಏನಾತಲೇ?"

"ಗಾಳಿ ಎದುರಿಗೆ ಹೊಡೀತು," ಎಂದ ಬೆನಕಪ್ಪ, ಅಂಗಳದ ಕೋಳಿಗಳನ್ನು ನೋಡುತ್ತ. ಮುಂದಿನ ಸಲ ಕೇಳಿದಾಗ, "ಚೈನು ಹಿಡಕೊಂಡಂಗಾತು," ಎಂದ. ಗಾಳಿ ಹೋಗಿ ಚೈನು ಬಂದದ್ದನ್ನು ಹುಲುಗಣ್ಣ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡ.

ಅದೇ ದಿನ ಅಡಿಗೆಮನೆಯಿಂದ ಪಿಸುಮಾತು ಕೇಳಿಸಿತು. ಬೆನಕಪ್ಪ ಹೋದ ಮೇಲೆ ತಾಯಿಯನ್ನು ವಿಚಾರಿಸಿದ.

"ಮೈಲಾರದಾಗ ದೇವರ ಹೇಳಿಕಿ ಯಾರು ಹೇಳ್ತಾರ ದೊಡ್ಡವ್ವಾ ಅಂತ ಕೇಳಿದ. ಯಾರಿಗೆ ಅಂದ್ರ ಬಾಯಿ ಬಿಡವಲ್ಲ."

ಪಾಪ ತೊಳೆದುಕೊಳ್ಳಲು ದೇವರನ್ನು ಹುಡುಕುತ್ತಿದ್ದಾನೆ ಅಂದುಕೊಂಡ ಹುಲುಗಣ್ಣ.

ಎಲುಬು ಕೂಡಿತು. ಸೈಕಲ್ ಹತ್ತಬಹುದು ಎಂದಾದ ಮೇಲೆ ಅವನೇ ಬೆನಕಪ್ಪನಿಗೆ ಹೇಳಿ ಕಳಿಸಿದ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ತನಕ ಹೋಗಿಬರೋಣ, ಕಾಲಿಗೆ ರೂಢಿ ತಪ್ಪೈತಿ ಎಂದು. ಅವನ ಎಣಿಕೆ ಬೇರೆಯಿತ್ತು. ಆ ಗಾಲಿಯ ಹಿಂದೆ ಮತ್ತೊಮ್ಮೆ ಕೂತು, ಕಣ್ಣಾರೆ ನೋಡಿ, ಕಳ್ಳತನ ಹಿಡಿಯಬೇಕು.

ಊರು ದಾಟಿದೊಡನೆ, "ನೀ ಮುಂದ ನಡಿ," ಎಂದ.

"ನೀನ ಹೋಗಲೇ ಮುಂದ," ಎಂದ ಬೆನಕಪ್ಪ.

"ಯಾಕ, ಅಂಜಿಕೇನು?"

ಬೆನಕಪ್ಪ ಮುಂದಾದ. ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು, ಬಿಸಿಲು ಇನ್ನೂ ಎಳೆಯದು. ಹುಲುಗಣ್ಣ ಅವನ ಮೀನಖಂಡದಿಂದ ಕಣ್ಣು ಕೀಳಲಿಲ್ಲ. ತುಳಿತ ಗಡಿಯಾರದಂತೆ ನಡೆದಿತ್ತು. ಎಷ್ಟು ಚಂದ ತುಳಿಯುತ್ತಾನೆ ಎಂದು ಅನಿಸಿ, ಅನಿಸಿದ್ದಕ್ಕೇ ಸಿಟ್ಟು ಬಂತು.

ಒಂದು ಸಣ್ಣ ಇಳಿಜಾರು ಮುಗಿಯುವಲ್ಲಿ ಬೆನಕಪ್ಪನ ಕಾಲುಗಳು ನಿಂತವು. ಇದು ರಸ್ತೆಯ ಸೈಕಲ್ಲು, ಕಾಲು ನಿಂತರೂ ಗಾಲಿ ಓಡುತ್ತದೆ. ಬೆನಕಪ್ಪ ಬೆನ್ನು ಬಾಗಿಸಿ ಕೂತವನು ಕೂತ ಹಾಗೇ ರಸ್ತೆಯ ನಡುವಿಗೆ ಜಾರತೊಡಗಿದ. ಎದುರಿನಿಂದ ಚೀಲ ಹೇರಿದ ಲಾರಿ ಹಾರ್ನು ಒತ್ತುತ್ತ ಬರುತ್ತಿತ್ತು.

"ಲೇ! ಬೆನಕಾ!"

ತಿರುಗಲಿಲ್ಲ. ಹುಲುಗಣ್ಣ ಮೈಯೆಲ್ಲ ಕಾಲಾಗಿ ತುಳಿದು ಪಕ್ಕಕ್ಕೆ ಹೋದ. ಅಂಗಿ ಹಿಡಿದು ಎಳೆದ ಹೊಡೆತಕ್ಕೆ ಇಬ್ಬರೂ ಸೈಕಲ್ ಸಮೇತ ರಸ್ತೆಯ ಬದಿಯ ಮಣ್ಣಿಗೆ ಬಿದ್ದರು. ಲಾರಿ ಬೈಗುಳದೊಂದಿಗೆ ದಾಟಿಹೋಯಿತು.

ಬೆನಕಪ್ಪನ ಕಣ್ಣು ತೆರೆದೇ ಇದ್ದವು. ತುಟಿಗಳು ಏನನ್ನೋ ಮೆಲ್ಲುವ ಹಾಗೆ ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ರೆಪ್ಪೆ ಬಡಿದು, ಅಂಗಿಯ ಮಣ್ಣು ನೋಡಿಕೊಂಡು, "ಯಾಕ ನಿಂತ್ವಿ?" ಎಂದು ಕೇಳಿದ.

ನಾಟಕವೇ? ಹುಲುಗಣ್ಣನ ಮನಸ್ಸು ಆಗಲೂ ಅದನ್ನೇ ಕೇಳಿತು. ಆದರೆ ಲಾರಿಯ ಮುಂದೆ ಯಾರೂ ನಾಟಕ ಆಡುವುದಿಲ್ಲ.

"ಎಷ್ಟು ದಿನದಿಂದ ಐತಿ ಇದು?"

ಬೆನಕಪ್ಪ ಮೊಣಕಾಲಿನ ನಡುವೆ ತಲೆ ಇಟ್ಟ. "ಹ್ವಾದ ಮಳಿಗಾಲದಿಂದ. ಒಂದೀಟು ಹೊತ್ತು ಎಲ್ಲಾ ಅಳಿಸಿದಂಗ ಆಕ್ಕೈತಿ. ದೆಹಲ್ಯಾಗ ಎಚ್ಚರಾಗಿ ನೋಡ್ತೀನಿ, ಹಿಂದ ಯಾರೂ ಇಲ್ಲ."

"ಗೊತ್ತಿದ್ದೂ ನಮ್ಮ ಮುಂದ ಹೋದ್ಯಲ್ಲೋ! ಮೂರು ಮಂದಿ ಜೀವ ಹೊತ್ತುಕೊಂಡು ಹೋದ್ಯಲ್ಲೋ!"

"ಹೇಳಿದ್ರ ತಂಡದಿಂದ ತೆಗೀತಿದ್ರು. ನೌಕರಿನೂ ಹೋಕ್ಕಿತ್ತು. ಮಾವನ ಮಗಗ ಸೈತ ಹೇಳಿಲ್ಲ."

ಇಷ್ಟು ದಿನ ಹುಲುಗಣ್ಣ ಕಾದದ್ದು ಒಂದು ಮೋಸಕ್ಕೆ. ಸಿಕ್ಕದ್ದೂ ಮೋಸವೇ, ಆದರೆ ಅವನು ಅಂದುಕೊಂಡದ್ದಲ್ಲ. ಹೊಡೆಯಲು ಎತ್ತಿದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವನ ಬೆನ್ನಿನ ಮಣ್ಣು ಕೊಡವಿತು.

"ಕೋಚಿಗೆ ನೀನ ಹೇಳ್ಬೇಕು. ಇಲ್ಲಾಂದ್ರ ನಾ ಹೇಳ್ತೀನಿ," ಎಂದ. "ಮೊದಲ ದವಾಖಾನಿಗೆ ನಡಿ."

ಮರುದಿನ ದಾವಣಗೆರೆಯ ಡಾಕ್ಟರು ಇದು ಮೂರ್ಛೆರೋಗದ್ದೇ ಒಂದು ಬಗೆ ಎಂದು ಹೇಳಿ, ಗುಳಿಗೆ ಬರೆದು, ಸೈಕಲ್ ಮುಟ್ಟಕೂಡದು ಎಂದರು. ಬೆನಕಪ್ಪ ಔಷಧಿ ತರಲು ಹೋದಾಗ ಹುಲುಗಣ್ಣ ಹಿಂದೆ ಉಳಿದು, "ಸಾಹೇಬ್ರ, ಇದನ್ನ ಬೇಕಂತ ಮಾಡಾಕ ಬರ್ತೈತೇನ್ರಿ?" ಎಂದು ಕೇಳಿದ.

ಡಾಕ್ಟರು ಅವನನ್ನೇ ದಿಟ್ಟಿಸಿದರು. "ನೀವು ಅವರ ಸ್ನೇಹಿತರಾ?"

ಹುಲುಗಣ್ಣ ತಲೆ ತಗ್ಗಿಸಿ ಹೊರಗೆ ಬಂದ.

ಬೆನಕಪ್ಪ ಕೋಚಿಗೆ ತಾನೇ ಹೇಳಿದ. ಬಿದ್ದಿದ್ದ ಇನ್ನಿಬ್ಬರು ತಿಂಗಳುಗಟ್ಟಲೆ ಅವನೊಂದಿಗೆ ಮಾತು ಬಿಟ್ಟರು. ನೌಕರಿ ಉಳಿಯಿತು, ಪಾರ್ಸಲ್ ಆಫೀಸಿಗೆ ಹಾಕಿದರು. ಖೋಲಿಯಲ್ಲಿ ಅನ್ನ ಮತ್ತೆ ಒಂದೇ ಪಾತ್ರೆಯಲ್ಲಿ ಬೆಂದಿತು. ಹುಲುಗಣ್ಣ ಅವನ ಗುಳಿಗೆ ಕೇಳುತ್ತಿದ್ದ, ನುಂಗಿದ್ದನ್ನು ನೋಡುತ್ತಿದ್ದ, ನುಂಗಿದ ಮೇಲೂ ಒಂದು ಗಳಿಗೆ ನೋಡುತ್ತಲೇ ಇರುತ್ತಿದ್ದ.

ಮುಂದಿನ ಶಿಬಿರದಲ್ಲಿ ಬೆನಕಪ್ಪನ ಜಾಗಕ್ಕೆ ಬಂದವನು ಅವನ ಮಾವನ ಮಗನಲ್ಲ, ಬಿಜಾಪುರದ ಹೊಸಬ, ಗಟ್ಟಿಮುಟ್ಟಾದ ನಗುಮುಖದ ಆಸಾಮಿ. ಮೊದಲ ದಿನ ಅವನ ಹಿಂದೆ ಹುಲುಗಣ್ಣ ಒಂದು ಮಾರು ಜಾಗ ಬಿಟ್ಟ. ಆ ಜಾಗದಲ್ಲಿ ಗಾಳಿ ನುಗ್ಗಿ ಎದೆಗೆ ಹೊಡೆಯಿತು. "ಹತ್ತಿರ ಹೋಗೋ!" ಎಂದು ಕೋಚು ಸುತ್ತು ಸುತ್ತಿಗೂ ಕೂಗಿದರು. ಅವನು ತುಳಿದು ಇನ್ನಷ್ಟು ಹತ್ತಿರ ಹೋದ, ಹಲ್ಲು ಕಚ್ಚಿಕೊಂಡು, ಆ ಕಾಲುಗಳನ್ನೇ ನೋಡುತ್ತ.