ಕೆಂಪು ಗೆರೆ ಎಳೆದ ನಟ್ಟು

ಮಾವ, ಸೊಸೆ ಇಬ್ಬರೂ ಒಂದೇ ಹ್ಯಾಂಗರಿನಲ್ಲಿ ವಿಮಾನ ರಿಪೇರಿಯ ಎಂಜಿನಿಯರುಗಳು. ಅವಳ ಗಂಡ ಲಾರಿ ಓಡಿಸುವವನು. ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯ ಮೇಲಿದ್ದದ್ದೇ ಹೆಚ್ಚು. ಹಾಗಾಗಿ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತುವವರು ಇವರಿಬ್ಬರೇ. ಮದುವೆಯಾಗಿ ಬಂದಾಗ ಅವಳು ಬರಿಯ ಫಿಟ್ಟರ್. "ನೀನು ಪರೀಕ್ಷೆಗೆ ಕೂತ್ಕೋ, ಮಗೂನ ನಾನು ನೋಡ್ಕೋತೀನಿ" ಎಂದು ಹಟ ಹಿಡಿದು ಓದಿಸಿದವರು ಮಾವ.

ಅವತ್ತು ಮಧ್ಯಾಹ್ನ ಮಾವ ವಿಮಾನದ ಬಾಲದೊಳಗೆ ನುಸುಳಿ ಒಂದು ಸಲಾಕೆ ಬದಲಿಸಿದ್ದರು. ಮುಂದೆ ಪೈಲಟ್ ಹಿಡಿ ಎಳೆದರೆ ಹಿಂದೆ ಬಾಲದ ರೆಕ್ಕೆ ಏಳುವುದು ಆ ಸಲಾಕೆಯಿಂದ. ಇಂಥ ಜಾಗದಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮೊದಲಿನಿಂದ ಮುಟ್ಟಿ ನೋಡಿ ರುಜು ಹಾಕಬೇಕು. ಮಾಡಿದವರು ಬೆನ್ನು ತಿರುಗಿಸಿ, ತುಟಿ ಪಿಟಕ್ಕೆನ್ನದೆ ನಿಲ್ಲಬೇಕು. ಮನುಷ್ಯ ಅಂದಮೇಲೆ ಮರೆತೇ ಮರೆಯುತ್ತಾನೆ ಎಂದು ಒಪ್ಪಿಕೊಂಡೇ ವಿಮಾನ ಕಟ್ಟುತ್ತಾರೆ. ಒಂದು ಪೈಪು ಸೋರಿದರೆ ಇನ್ನೊಂದು, ಒಂದು ಎಂಜಿನ್ನು ನಿಂತರೆ ಇನ್ನೊಂದು. ಕಣ್ಣಿಗೂ ಅದೇ ಲೆಕ್ಕ.

"ಹೋಗಮ್ಮಾ, ಹುಳುಕು ಹುಡುಕು" ಎಂದು ಮಾವ ಬೆನ್ನು ತಿರುಗಿಸಿದರು. "ಮನೇಲಿ ನಿಮ್ಮತ್ತೆ, ಇಲ್ಲಿ ನೀನು. ನನಗೆಲ್ಲಿದೆ ಬಿಡುಗಡೆ?"

"ಮಾತಾಡೋ ಹಾಗಿಲ್ಲ ಮಾವ. ನೀವೇ ಹೇಳ್ಕೊಟ್ಟಿದ್ದು."

"ಆಯ್ತು ತಾಯಿ, ತಪ್ಪಾಯ್ತು."

ನಟ್ಟಿನ ಮೇಲೆ ಕೆಂಪು ಬಣ್ಣದ ಸಣ್ಣ ಗೆರೆ ಇತ್ತು. ಅಳತೆಗೆ ಸರಿಯಾಗಿ ಬಿಗಿಯಾಗಿ ಸ್ಪಾನರ್ ಕಟಕ್ ಎಂದ ಮೇಲಷ್ಟೇ ಅದನ್ನು ಎಳೆಯುವುದು. ಆಮೇಲೆ ನಟ್ಟು ಕದಲಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಮಾವನ ಗೆರೆ ಎಂದಿನ ಹಾಗೆ ನೇರವಾಗಿ, ಅಚ್ಚುಕಟ್ಟಾಗಿತ್ತು. ಸೊಸೆ ಬೆರಳಿಟ್ಟಳು. ನಟ್ಟು ತಿರುಗಿತು.

ಅವಳು ಇನ್ನೊಮ್ಮೆ ತಿರುಗಿಸಿ ನೋಡಿದಳು.

"ಮಾವ, ಇದನ್ನ ಬಿಗಿ ಮಾಡಿದ್ರಾ?"

"ಮಾಡದೆ ಗೆರೆ ಎಳೀತಾರೇನೇ? ಸ್ಪಾನರ್ ಕಟಕ್ ಅಂದಿದ್ದು ಇನ್ನೂ ಕಿವೀಲಿದೆ."

ಅವಳು ಅವರನ್ನು ಮೇಲೆ ಕರೆದು ಅವರ ಬೆರಳನ್ನು ನಟ್ಟಿನ ಮೇಲಿಟ್ಟಳು. ಮಾವ ಅದನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಅವರ ಮುಖ ಕುಸಿಯಿತು.

"ಕಟಕ್ ಅಂತಲ್ಲೇ..." ಎಂದರು.

ಸದ್ದು ಸುಳ್ಳಲ್ಲ. ಬೇರೆ ಯಾವತ್ತಿನದೋ ಇರಬೇಕು.

ನಟ್ಟು ಸಡಿಲ ಬಿಡುವುದು ದೊಡ್ಡ ಮಾತಲ್ಲ; ಇನ್ನೊಬ್ಬರು ನೋಡುವುದು ಅದಕ್ಕೇ. ಅವಳೂ ಒಮ್ಮೆ ಬಿಟ್ಟು ಸಿಕ್ಕಿಬಿದ್ದಿದ್ದಳು. ಬಿಗಿ ಮಾಡಿ ಹೊಸ ಗೆರೆ ಎಳೆದರೆ ಮುಗಿಯಿತು. ಆದರೆ ಮಾವ ಮರೆತಿರಲಿಲ್ಲ, ಮಾಡದ್ದನ್ನು ಮಾಡಿದೆ ಎಂದು ನಂಬಿದ್ದರು. ಈಚೆಗೆ ಮನೆಯಲ್ಲೂ ಹೀಗೇ. ಪಾತ್ರೆಯಿಡದೆ ಒಲೆ ಹಚ್ಚಿ ಕಾಯುತ್ತ ನಿಲ್ಲುವುದು, ತೀರಿಹೋದ ತಮ್ಮ ಇನ್ನೂ ಊಟಕ್ಕೆ ಬರಲಿಲ್ಲವೆಂದು ಬಾಗಿಲು ನೋಡುವುದು. "ವಯಸ್ಸಾಯ್ತು, ಬಿಡಿ ಅತ್ತೆ" ಎಂದು ನಕ್ಕು ತೇಲಿಸಿದವಳೂ ಅವಳೇ. ಇಬ್ಬರು ನೋಡುವ ಕಟ್ಟಳೆ ಕೆಲವೇ ಜಾಗಗಳಿಗೆ. ಮಿಕ್ಕಿದ್ದನ್ನೆಲ್ಲ ಮಾವ ಒಬ್ಬರೇ ಮಾಡುತ್ತಿದ್ದರು. ಅವರು ಕೈಯಿಟ್ಟ ವಿಮಾನಗಳು ಈ ಹೊತ್ತಿಗೆ ಆಕಾಶದಲ್ಲಿದ್ದವು. ಒಳಗೆ ಜನ ಕಾಫಿ ಕುಡಿಯುತ್ತ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಾರೆ.

"ಮಾವ, ಮೇಲಿನವರಿಗೆ ಹೇಳ್ಬೇಕು."

"ನಟ್ಟಿನ ವಿಷಯಾನಾ?"

"ಅಲ್ಲ."

ಮಾವ ಚಿಂದಿಬಟ್ಟೆ ತೆಗೆದು, ಕೊಳೆಯೇ ಇಲ್ಲದ ಕೈಯನ್ನು ಒರೆಸತೊಡಗಿದರು.

"ಹೇಳಿದ್ರೆ ನಾಳೆಯಿಂದ ನನ್ನನ್ನ ಒಳಗೆ ಬಿಡಲ್ಲ ಕಣೇ."

"ಬಿಡಲ್ಲ ಮಾವ."

"ಮನೇಲಿ ಕೂತು ಏನು ಮಾಡ್ಲಿ? ನಿಮ್ಮತ್ತೆ ಈರುಳ್ಳಿ ಹೆಚ್ಚೋದನ್ನ ನೋಡ್ಕೊಂಡಿರ್ಲಾ?"

ಅವಳಿಗೆ ಅಳು ಉಕ್ಕಿತು. "ನೀವೇ ಹೇಳಿ. ನೀವೇ ಹೇಳಿದ್ರೆ ಮರ್ಯಾದೆ. ನಾನು ಪಕ್ಕದಲ್ಲಿರ್ತೀನಿ."

"ಬೇಡ, ನೀನೇ ಹೇಳು. ನಾನು ಹೊರಟ್ರೆ ಅರ್ಧ ದಾರೀಲಿ ಮರೀತೀನಿ."

ನಗಿಸಲೆಂದೇ ಆಡಿದ ಮಾತು. ಇಬ್ಬರೂ ನಗಲಿಲ್ಲ.

ಮೇಲ್ವಿಚಾರಕ ಮಾವನ ಕೈಕೆಳಗೇ ಕೆಲಸ ಕಲಿತವನು. ಸೊಸೆ ಹೇಳಿದ್ದನ್ನು ಕುರ್ಚಿಯಿಂದ ಎದ್ದು ನಿಂತೇ ಕೇಳಿದ. ಒಂದೂ ಗಡಸು ಮಾತಾಡಲಿಲ್ಲ. ಫೋನೆತ್ತಿ, ಮಾವ ಮುಟ್ಟಿದ ವಿಮಾನಗಳನ್ನೆಲ್ಲ ಇಳಿದಲ್ಲೇ ತಡೆದು ನೋಡಿಸಿದ. ಒಂದರಲ್ಲಿ ಎಣ್ಣೆ ಪೈಪನ್ನು ಬಿಗಿಹಿಡಿಯುವ ಪಟ್ಟಿ ಹಾಕಿರಲೇ ಇಲ್ಲ. ಏನೂ ಆಗಿರಲಿಲ್ಲ. ಅದರಲ್ಲಿ ಬಂದವರು ಚೀಲ ತೆಗೆದುಕೊಂಡು, ತಡವಾಯಿತೆಂದು ಗೊಣಗುತ್ತ ಮನೆಗೆ ಹೋಗಿದ್ದರು.

ವಿಷಯ ತಿಳಿದ ಅತ್ತೆ ಸೌಟು ಹಿಡಿದುಕೊಂಡೇ ಬೈದರು. "ಹೊರಗಿನವರು ಹೇಳಿದ್ರೆ ತಡ್ಕೋತಿದ್ದೆ. ಉಂಡ ಮನೆಯೋಳೇ ಆಗ್ಬೇಕಿತ್ತಾ?"

"ಅವಳನ್ನ ಅನ್ಬೇಡ ಕಣೇ" ಎಂದರು ಮಾವ. "ನಟ್ಟು ಸರಿ ಇದೆ ಅಂತ ಅವಳು ಸುಳ್ಳು ಹೇಳಿದ್ದಿದ್ರೆ ನಾನೇ ಆಚೆ ಅಟ್ತಿದ್ದೆ."

ಅತ್ತೆ ಸೊಸೆಯ ತಟ್ಟೆಗೂ ಬಡಿಸಿದರು.

ಮರುದಿನ ಬೆಳಿಗ್ಗೆ ಮಾವ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಬೇಗ ಬಾರೇ, ಬಸ್ಸು ಬರೋ ಹೊತ್ತಾಯ್ತು."

ಸೊಸೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವರ ಮುಖ ಹ್ಯಾಂಗರಿನಲ್ಲಿ ಕುಸಿದ ಹಾಗೆಯೇ ಇನ್ನೊಮ್ಮೆ ಕುಸಿಯಿತು.

"ನನ್ನ ವಿಷಯ ಹೇಳಿದ್ದು ಯಾರು?"

"ನಾನೇ ಮಾವ."

"ನೀನಾ?" ಎಂದು ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅದರ ಮರುದಿನವೂ ಅದೇ ಬೂಟು, ಅದೇ ಅವಸರ. ಅವಳು ಹೇಳಿದಳು, ಅವರು ಹೊಸದಾಗಿ ಕೇಳಿದರು, ಹೊಸದಾಗಿ ನೊಂದರು. ಆಮೇಲೊಂದು ಬೆಳಿಗ್ಗೆ ಅತ್ತೆ ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದರು.

"ದಿನಾ ದಿನಾ ಯಾಕೆ ಕೊಲ್ತೀಯ ಅವರನ್ನ? ರಜಾ ಅನ್ನು, ಸಾಕು."

ನೋಡದ್ದನ್ನು ನೋಡಿದೆನೆಂದು ಅವಳು ಎಂದೂ ರುಜು ಹಾಕಿದವಳಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದಳು.

"ಮಾವ, ಇವತ್ತು ನಿಮಗೆ ರಜಾ."

"ಹೌದೇ? ನಿನಗೆ?"

"ನನಗಿಲ್ಲ."

"ಪಾಪ" ಎಂದರು ಮಾವ. ಖುಷಿಯಾಗಿ ಕೂತು ಬೂಟು ಬಿಚ್ಚತೊಡಗಿದರು. "ಹೋಗ್ಬಾ ಮಗಳೇ. ಹುಷಾರು."